ಎರವಲು ನಡಿಗೆ

ನೆಲದ ಮೇಲೆ ಬಿಳಿ ಗೆರೆ ಎಳೆದಿದ್ದರು. ಗೆರೆಯ ಗುಂಟ ಇಪ್ಪತ್ತು ಮೀಟರು ಹೋಗಬೇಕು, ತಿರುಗಬೇಕು, ಬರಬೇಕು. ಭುವನಾ ಚಪ್ಪಲಿ ಬಿಟ್ಟು ನಡೆಯತೊಡಗಿದಳು. ಅವಳ ಸೊಂಟದ ಹಿಂಭಾಗದಲ್ಲಿ, ಎಡಕ್ಕೆ ಮೂರು ಬಲಕ್ಕೆ ಮೂರು, ಬೆರಳುದ್ದದ ಲೋಹದ ಮೊಳೆಗಳಿದ್ದವು. ಪ್ರತಿ ಹೆಜ್ಜೆಗೂ ಅವು ಹೊರುತ್ತಿದ್ದ ಭಾರ ಗೋಡೆಯ ಪರದೆಯ ಮೇಲೆ ಹಸಿರು ಅಲೆಯಾಗಿ ಏರಿ ಇಳಿಯುತ್ತಿತ್ತು. ಮೂರು ತಿಂಗಳ ಹಿಂದೆ ಇದೇ ಗೆರೆಯ ಅರ್ಧಕ್ಕೆ ಬಂದು ಅವಳು ಗೋಡೆ ಹಿಡಿದು ನಿಂತುಬಿಟ್ಟಿದ್ದಳು.

"ಯವ್ವಾ!" ಬೆಂಚಿನ ಮೇಲಿದ್ದ ದೊಡ್ಡವ್ವ ಬಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಶಿವಲೀಲಾ ಹೊಂಟಂಗ ಕಾಣತೈತಲ್ಲೇ! ನೋಡ ಇಂಚರಾ, ನಿಮ್ಮವ್ವ ಹಿಂಗ ನಡೀತಿದ್ಲು. ಥೇಟ್ ಹಿಂಗ."

ಇಂಚರಾ ನೋಡುತ್ತಲೇ ಇದ್ದಳು. ಅಕ್ಕನ ನೋವು ಹೋಯಿತೆಂದು ಸಂತೋಷಪಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಪಟ್ಟಳು ಕೂಡ, ಬಹುಶಃ ಆರು ಹೆಜ್ಜೆಯವರೆಗೆ. ಏಳನೆಯ ಹೆಜ್ಜೆಗೆ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಅವ್ವ ಸತ್ತಾಗ ಅವಳಿಗೆ ಎರಡು ವರ್ಷ. ಅವ್ವ ಎಂದರೆ ಅವಳಿಗೆ ಎರಡು ಫೋಟೋ ಅಷ್ಟೆ. ಈಗ ಮೂವತ್ತಮೂರನೆಯ ವಯಸ್ಸಿನಲ್ಲಿ, ಗದಗಿನ ಒಂದು ಎಲುಬು ಸಂಶೋಧನಾಲಯದ ಕಾರಿಡಾರಿನಲ್ಲಿ, ಅವ್ವ ಅವಳಿಗೆ ಬೆನ್ನು ಮಾಡಿ ನಡೆದು ಹೋಗುತ್ತಿದ್ದಳು, ಅದೂ ಅಕ್ಕನ ಮೈಯೊಳಗೆ.

ಬೆನ್ನುಮೂಳೆ ಮುಗಿಯುವಲ್ಲಿ ತ್ರಿಕಾಸ್ಥಿ ಎಂಬ ಮೂರು ಮೂಲೆಯ ಎಲುಬಿದೆ. ಅದರ ಎರಡೂ ಮಗ್ಗುಲಿಗೆ ಸೊಂಟದ ಅಗಲವಾದ ಎಲುಬುಗಳು ಬಂದು ಕೂಡುತ್ತವೆ. ಆ ಕೀಲು ಅಲುಗುವುದು ಹೆಚ್ಚೆಂದರೆ ಎರಡು ಮೂರು ಡಿಗ್ರಿ. ಆದರೆ ಮೇಲಿನ ಮೈಯ ಭಾರವೆಲ್ಲ ಕಾಲಿಗೆ ಇಳಿಯುವುದು ಅದರ ಮೂಲಕವೇ. ಬಸುರಿನಲ್ಲಿ ಸಡಿಲಾದ ಕೀಲು ಕೆಲವರಲ್ಲಿ ಮತ್ತೆ ಬಿಗಿಯಾಗುವುದಿಲ್ಲ. ಭುವನಾಳಿಗೆ ಎರಡನೇ ಹೆರಿಗೆಯ ನಂತರ ಹಾಗಾಯಿತು. ಅವಳು ಲಕ್ಷ್ಮೇಶ್ವರದ ಬಸ್ಸಿನ ಡ್ರೈವರು. 2058ರಲ್ಲಿ ಬಸ್ಸು ತಾನೇ ಓಡುತ್ತದೆ ನಿಜ, ಆದರೂ ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲೇಬೇಕು, ಏಳುವಂತಿಲ್ಲ ಎಂಬ ಕಾನೂನಿದೆ. ಏನೂ ಮಾಡದೆ ಎಂಟು ತಾಸು ಕೂರುವುದೇ ಅವಳ ಕೆಲಸ. ಕೂತರೆ ಸೂಜಿ, ಎದ್ದರೆ ಚೂರಿ. ಒಂಬತ್ತು ವರ್ಷ ಹೀಗೇ ಕಳೆಯಿತು.

ಇಂಥ ಕೀಲನ್ನು ಮೊಳೆ ಹಾಕಿ ಬೆಸೆಯುವುದು ಹಳೆಯ ವಿದ್ಯೆ. ಕೀಲು ಬೆಸೆಯುತ್ತಿತ್ತು, ನಡಿಗೆ ಮಾತ್ರ ಎಷ್ಟೋ ಜನರಲ್ಲಿ ಸೊಟ್ಟಗೇ ಉಳಿಯುತ್ತಿತ್ತು. ವರ್ಷಗಟ್ಟಲೆ ನೋವಿಗೆ ಹೆದರಿ ಕುಂಟಿದ ಮೈ, ನೋವು ಹೋದ ಮೇಲೂ ಹೆದರುತ್ತಲೇ ಇರುತ್ತದೆ. ಡಾಕ್ಟರ್ ತಹಸೀನ್ ಮುಲ್ಲಾ ಕಂಡುಹಿಡಿದ 'ನಡೆಮೊಳೆ' ಈ ಹೆದರಿಕೆಗೆ ಮದ್ದು. ಎಲುಬು ಎಲ್ಲಿ ಒತ್ತಡ ಬೀಳುತ್ತದೋ ಅಲ್ಲಿ ಬೆಳೆಯುತ್ತದೆ. ಆದ್ದರಿಂದ ಮೊಳೆಯ ಮೈತುಂಬ ಸಣ್ಣ ರಂಧ್ರಗಳು, ಒಳಗೊಂದು ಮಿಡಿಯುವ ಪೊರೆ. ನೋವಿಲ್ಲದ ಇನ್ನೊಬ್ಬರ ನಡಿಗೆಯ ಲಯವನ್ನು ಆ ಪೊರೆಗೆ ಕಲಿಸಿರುತ್ತಾರೆ. ತೊಂಬತ್ತು ದಿನ, ಹಗಲೂ ರಾತ್ರಿ, ಅದು ಅದೇ ಲಯದಲ್ಲಿ ಎಲುಬನ್ನು ಮೆಲ್ಲಗೆ ಒತ್ತುತ್ತದೆ. ಹೊಸ ಎಲುಬು ಆ ಲಯಕ್ಕೆ ತಕ್ಕಂತೆ ಕಟ್ಟಿಕೊಳ್ಳುತ್ತದೆ. ಆಮೇಲೆ ಪೊರೆ ಕರಗಿಹೋಗುತ್ತದೆ, ನಡಿಗೆ ಉಳಿಯುತ್ತದೆ.

ಅಂದರೆ ಯಾರಾದರೂ ನಡಿಗೆಯನ್ನು ಎರವಲು ಕೊಡಬೇಕು. ಸೊಂಟದ ಆಕಾರ ಹೋಲುವ ರಕ್ತಸಂಬಂಧಿಯಾದರೆ ಒಳ್ಳೆಯದು. ಇಂಚರಾ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮೊದಲ ದಿನವೇ ಬೂಟು ಹಾಕಿಕೊಂಡು ಬಂದು ನಿಂತಿದ್ದಳು: "ನನ್ನದು ತಗೋರಿ ಡಾಕ್ಟರ್. ಓಡೂದೂ ಫ್ರೀ."

ಡಾಕ್ಟರು ನಕ್ಕರು. ಭುವನಾ ನಗಲಿಲ್ಲ. "ನಿನ್ನದು ಬ್ಯಾಡ. ನನ್ನ ಹತ್ರ ಅವ್ವಂದು ಐತಿ. ಅಪ್ಪನ ಹಳೇ ಫೋನಿನಾಗ ವಿಡಿಯೋ ಐತಿ."

ಅಂಥದೊಂದು ವಿಡಿಯೋ ಇದೆ ಎಂದು ಇಂಚರಾ ಕೇಳಿದ್ದು ಅದೇ ಮೊದಲು. ತೋರಿಸು ಎಂದಳು. ಆಮೇಲೆ ನೋಡೂಣ ಎಂದಳು ಅಕ್ಕ. ಆ 'ಆಮೇಲೆ' ಮೂರು ತಿಂಗಳಾದರೂ ಬರಲಿಲ್ಲ.

ಕಾರಿಡಾರಿನ ಆ ದಿನದ ನಂತರ ಇಂಚರಾಳಿಗೆ ಒಂದು ಚಟ ಅಂಟಿತು. ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ, ಕಬ್ಬಿನ ಹಾಲಿನ ಅಂಗಡಿಯ ಮರೆಯಲ್ಲಿ ನಿಲ್ಲುವಳು. ಲಕ್ಷ್ಮೇಶ್ವರದ ಬಸ್ಸು ಬರುತ್ತದೆ. ಅಕ್ಕ ಇಳಿದು ಕಂಟ್ರೋಲ್ ರೂಮಿನವರೆಗೆ ನಡೆಯುತ್ತಾಳೆ, ಎಡಕ್ಕೆ ಒಂದಿಷ್ಟು ವಾಲಿ, ಅವಸರವಿಲ್ಲದೆ. ಮನೆಗೆ ಹೋದರೂ ಅಷ್ಟೆ.

"ಅಕ್ಕಾ, ನೀರು."

"ಈಗ ಕುಡದ್ಯಲ್ಲ?"

"ಇನ್ನೊಂದ್ ಲೋಟ."

"ಒಂಟಿ ಹಂಗ ಕುಡೀತೀ. ಕೊಡಪಾನ ತಂದು ಮುಂದ ಇಡ್ಲೇನು?"

"ಬ್ಯಾಡ. ಒಂದೊಂದ ಲೋಟ ತಾ."

ಅಡುಗೆಮನೆಗೆ ಹೋಗಿ ಬರುವ ಆ ಹದಿನಾಲ್ಕು ಹೆಜ್ಜೆಗಳಿಗಾಗಿ ಅವಳು ಬೇಡದ ನೀರು ಕುಡಿದಳು. ಅಕ್ಕ ಅವ್ವನ ನಡಿಗೆಯನ್ನು ಹೊತ್ತುಕೊಂಡು ದಿನಸಿ ತರುತ್ತಾಳೆ, ಸಂತೆಯಲ್ಲಿ ಜಗಳವಾಡುತ್ತಾಳೆ, ಅದರ ಪರಿವೆಯೇ ಇಲ್ಲದೆ. ಅಕ್ಕನಿಗೆ ಅವ್ವನ ನೆನಪಿದೆ. ಏಳು ವರ್ಷದ ತುತ್ತು, ಬೈಗುಳ, ಜಡೆ ಎಲ್ಲ ಇವೆ. ಇಷ್ಟಿದ್ದವಳಿಗೇ ನಡಿಗೆಯೂ ಯಾಕೆ? ಒಂದು ದಿನ ಕನ್ನಡಿಯ ಮುಂದೆ ತಾನೂ ಹಾಗೆ ನಡೆದು ನೋಡಿದಳು. ನಾಟಕದಂತೆ ಕಂಡಿತು.

ನವೆಂಬರಿನ ಮೊದಲ ಸೋಮವಾರ ಇಂಚರಾ ಕುಂಟುತ್ತ ಡಾಕ್ಟರ್ ತಹಸೀನರ ಕೋಣೆಗೆ ಬಂದಳು.

"ಎಡಗಡೆ ಸೊಂಟ ಡಾಕ್ಟರ್. ಕುಂತರ ಸೂಜಿ, ಎದ್ದರ ಚೂರಿ."

ಆ ಮಾತನ್ನು ತಹಸೀನ್ ಹಿಂದೆ ಒಮ್ಮೆ ಕೇಳಿದ್ದರು. ಪರೀಕ್ಷೆಗೆ ತೊಡಗಿದರು. ಕಾಲು ಮಡಿಸಿ ಒತ್ತುವುದು, ತೊಡೆ ಹೊರಳಿಸುವುದು, ಸೊಂಟವನ್ನು ಎರಡೂ ಕಡೆಯಿಂದ ಅಮುಕುವುದು, ಹೀಗೆ ಐದು ಬಗೆ. ಮೂರರಲ್ಲಿ ನೋವು ಕಂಡರೆ ಅನುಮಾನಕ್ಕೆ ಸಾಕು. ಇಂಚರಾ ಐದರಲ್ಲೂ ಚೀರಿದಳು. ಒಂದರಲ್ಲಿ ಒತ್ತುವ ಮೊದಲೇ ಚೀರಿದಳು.

ಕೊನೆಯ ಪರೀಕ್ಷೆ ಸೂಜಿಯದು. ಕೀಲಿನೊಳಕ್ಕೆ ಮರಗಟ್ಟಿಸುವ ಮದ್ದು ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ನೋವು ಮಾಯವಾದರೆ ತಪ್ಪು ಆ ಕೀಲಿನದೇ. ಎರಡು ದಿನ ಎರಡು ಸೂಜಿ, ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಬರಿ ಉಪ್ಪುನೀರು, ಯಾವುದು ಯಾವಾಗ ಎಂದು ಹೇಳುವುದಿಲ್ಲ ಎಂಬ ಕಾಗದಕ್ಕೆ ಇಂಚರಾ ಓದದೆಯೇ ಸಹಿ ಹಾಕಿದಳು. ಮೊದಲ ದಿನದ ಸೂಜಿಯಾಗಿ ಕಾಲು ಗಂಟೆಗೆ ಮಂಚದಿಂದ ಇಳಿದು ನಡೆದು ತೋರಿಸಿದಳು. "ಪೂರಾ ಹೋತು ನೋಡ್ರಿ! ಹೂ ಎತ್ತಿಟ್ಟಂಗಾತು."

ತಹಸೀನ್ ಕೈಗವಸು ಕಳಚಿ ಕೂತರು. ಅರವತ್ತರ ಹತ್ತಿರದ ಹೆಂಗಸು. ಸಿಟ್ಟು ಬಂದಾಗ ದನಿ ತಗ್ಗಿಸುವ ರೂಢಿ.

"ಇಂಚರಾ ಅವರ, ಅದು ನೀರು."

ಇಂಚರಾ ನಡೆಯುತ್ತಿದ್ದವಳು ನಿಂತಳು.

"ನೀರಿಗೂ ಕೆಲವರಿಗೆ ನೋವು ಕಮ್ಮಿ ಆಗತೈತಿ. ಅದಕ್ಕ ನಾ ಬೈಯೂದಿಲ್ಲ. ಆದ್ರ ನಿಮ್ಮ ಸ್ಕ್ಯಾನಿನಾಗ ಎಲುಬು ಗೋದಿ ಕಾಳಿನಂಗ ಗಟ್ಟಿ ಅದಾವ. ಬರೋವಾಗ ಎಡಗಾಲು ಕುಂಟಿದ್ರಿ, ಬಟ್ಟಿ ಬದಲಿಸಿ ಬಂದಾಗ ಬಲಗಾಲು. ಯಾಕ ಬೇಕಾಗೇತಿ ಇದು? ನೆಟ್ಟಗಿರೋ ಕೀಲು ನಾ ಬೆಸದೆ ಅಂದ್ರ ಅದು ಮತ್ತ ಬಿಚ್ಚೂದಿಲ್ಲ. ನಿಮಗ ಕೂಸು ಆಗೂದು ಕಷ್ಟ ಆದೀತು, ಓಟ ಅಂತೂ ಹೋತು."

"ಹೋಗ್ಲಿ."

"ಏನಂದ್ರಿ?"

"ಹೋಗ್ಲಿ ಅಂದೆ. ಓಡಿ ಓಡಿ ಎಲ್ಲಿಗೆ ಮುಟ್ಟೀನಿ? ನಮ್ಮವ್ವ ನನಗೂ ಅವ್ವನ ಹೌದಲ್ರಿ? ಅಕ್ಕಗ ಹಾಕಿದ್ದ ಆ ಲಯ ನಿಮ್ಮ ಯಂತ್ರದಾಗ ಇನ್ನೂ ಐತಿ. ನನಗೂ ಹಾಕ್ರಿ. ಆಕಿ ಏಳು ವರ್ಷ ಉಂಡಾಳ, ಈಗ ಸೊಂಟದಾಗೂ ಇಟ್ಕೊಂಡಾಳ. ನನಗ ಏನೂ ಇಲ್ಲ. ಅಳೂದಕ್ಕ ಒಂದು ನೆನಪೂ ಇಲ್ಲ."

ತಹಸೀನ್ ನಡೆಮೊಳೆಯನ್ನು ನೂರಾರು ಜನರಿಗೆ ಹಾಕಿದ್ದರು. ನೋವು ಹೋದವರು ಕೈ ಮುಗಿದಿದ್ದರು. ನೋವಿಲ್ಲದವರು ಬಂದು ನೋವು ಬೇಡುವ ದಿನ ಬರಬಹುದೆಂದು ಅವರಿಗೆ ಹೊಳೆದಿರಲಿಲ್ಲ.

"ಆಪರೇಷನ್ ಮಾಡೂದಿಲ್ಲ," ಅಂದರು.

"ಹಂಗಾರ ವಿಡಿಯೋ ತೋರಸ್ರಿ."

"ಅದು ನಿಮ್ಮ ಅಕ್ಕನ ಸೊತ್ತು. ಆಕಿ ಒಪ್ಪಬೇಕು."

ಇಂಚರಾ ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದಳು. ಮಾಡಿದ್ದನ್ನೆಲ್ಲ ಹೇಳಿದಳು, ಸೂಜಿಯ ಸಂಗತಿಯನ್ನೂ. ಮುಕ್ಕಾಲು ಗಂಟೆಯಲ್ಲಿ ಭುವನಾ ಖಾಕಿ ಅಂಗಿಯಲ್ಲೇ ಬಂದಳು. ಬಾಗಿಲಿನಿಂದ ಕುರ್ಚಿಯವರೆಗೆ ಅವಳು ನಡೆದು ಬರುವುದನ್ನು ಇಂಚರಾ ಆಗಲೂ ಕಣ್ಣು ಕೀಳದೆ ನೋಡಿದಳು.

"ನೋಡು, ನೋಡು," ಅಂದಳು ಭುವನಾ. "ಬಸ್ ಸ್ಟ್ಯಾಂಡಿನಾಗ ಕಬ್ಬಿನ ಹಾಲಿನ ಅಂಗಡಿ ಹಿಂದ ಕಳ್ಳಿ ಹಂಗ ನಿಂದರೋದು ನನಗ ಗೊತ್ತಿಲ್ಲ ಅಂತ ಮಾಡಿಯೇನು? ಅಂಗಡಿಯಾಂವ ಕೇಳತಾನ, ನಿಮ್ಮ ತಂಗಿಗೆ ಯಾರರೆ ಹುಡುಗ ಗಂಟು ಬಿದ್ದಾನೇನ್ರಿ ಅಂತ."

"ವಿಡಿಯೋ ಯಾಕ ಮುಚ್ಚಿಟ್ಟಿ?"

"ನನ್ನದು, ಮುಚ್ಚಿಟ್ಟೆ."

"ನಿನ್ನದು ಹ್ಯಾಂಗಾತು? ಆಕಿ ನನ್ನ ಹಡದಿಲ್ಲೇನು?"

"ಹಡದಾಳ. ಹಡದದ್ದ ತಪ್ಪಾಗೇತಿ." ಭುವನಾ ಎದ್ದು ನಿಂತಳು. ಅವಳ ಮುಖ ಕೆಂಪೇರಿತ್ತು. "ನನ್ನ ನಡಿಗಿ ಚಂದ ಅಂತ ಹಿಂದ ಹಿಂದ ತಿರಗತೀ ಅಲ್ಲ? ಎಡಗಡೆ ಯಾಕ ವಾಲತೀನಿ, ಕೇಳು ಡಾಕ್ಟರನ್ನ. ಕೇಳು!"

ತಹಸೀನ್ ಕನ್ನಡಕ ತೆಗೆದು ಒರೆಸಿದರು. ಒರೆಸುವ ಅಗತ್ಯವಿರಲಿಲ್ಲ.

"ಅದು ನನ್ನ ತಪ್ಪು," ಅಂದರು. "ವಿಡಿಯೋದಾಗ ನಿಮ್ಮ ತಾಯಿ ಸೊಂಟದ ಮ್ಯಾಲೆ ಒಂದು ಕೂಸು ಕುಂತಿತ್ತು. ಎಡಗಡೆ. ವರ್ಷದ ಕೂಸು, ಒಂಬತ್ತು ಕಿಲೋ ಇರಬೇಕು. ಲೆಕ್ಕದಾಗ ಆ ಭಾರ ಕಳದೆ. ಭಾರ ಹೋತು. ಆದ್ರ ಅದನ್ನ ಹೊರಲಿಕ್ಕೆ ಅವರು ಸೊಂಟ ಕೊಟ್ಟಿದ್ರಲ್ಲ, ಅದು ಉಳೀತು. ಎಲುಬು ಅದನ್ನೂ ಕಲತಬಿಡ್ತು. ಈಗ ಬಿಡಿಸ್ಲಿಕ್ಕೆ ಬರೂದಿಲ್ಲ."

"ತಿಳೀತಿಲ್ಲೋ?" ಭುವನಾ ತಂಗಿಯ ಕಡೆ ಬಾಗಿದಳು. "ಆ ಕೂಸು ನೀನ. ಐದು ವರ್ಷ ಆ ಸೊಂಟ ನಂದು ಇತ್ತು. ನೀ ಬಂದಿ, ಹತ್ತಿ ಕುಂತಿ. ನನಗ ನಡದು ಬಾ ಅಂದ್ರು. ಆಕಿ ಹ್ವಾದ ಮ್ಯಾಲೆ ಅದೇ ಕೂಸನ್ನ ನಾ ಹೊತ್ತೆ, ಸಾಲಿಗೂ ಹೊತಗೊಂಡು ಹ್ವಾದೆ. ಅವ್ವನ ನಡಿಗಿ ಬೇಕು ಅಂತ ಇದನ್ನ ಹಾಕಸ್ಕೊಂಡ್ರ, ಇದರಾಗೂ ನೀನ ಕುಂತೀದಿ. ಸೊಂಟಕ್ಕ ಮೊಳಿ ಹೊಡಿಸ್ಕೊಂಡ ಮ್ಯಾಲೂ ನಿನ್ನ ಇಳಸಾಕ ಆಗವಲ್ದು!"

ಇಂಚರಾಳಿಗೆ ನಗು ಬಂತು, ಅದು ನಗುವಾಗಿ ಹೊರಬರಲಿಲ್ಲ. ಭುವನಾ ಧಪ್ಪನೆ ಕೂತು, ಡಾಕ್ಟರ ಕಡೆ ನೋಡದೆ ಕೈಬೀಸಿದಳು. "ತೋರಸ್ರಿ. ನೋಡ್ಲಿ ಅತ್ಲಾಗ."

ಗೋಡೆಯ ಪರದೆ ಬೆಳಗಿತು.

2026ರ ಯಾವುದೋ ಮಧ್ಯಾಹ್ನ. ಹಳೆಯ ಫೋನಿನ ತುಸು ನಡುಗುವ ಚಿತ್ರ. ಕಲ್ಯಾಣ ಮಂಟಪದ ಹೊರಗಿನ ಸಿಮೆಂಟಿನ ಅಂಗಳ, ಮದುವೆಯ ಗದ್ದಲ. ಹಸಿರು ಸೀರೆಯ ಹೆಂಗಸೊಬ್ಬಳು ಬೆನ್ನು ಮಾಡಿ ನಡೆಯುತ್ತಿದ್ದಾಳೆ. ಬಲಗೈಯಲ್ಲಿ ಟಿಫಿನ್ ಡಬ್ಬಿ. ಎಡ ಸೊಂಟದ ಮೇಲೆ ಕಿವಿಗೆ ಟೋಪಿ ಕಟ್ಟಿದ ಕೂಸು. ನೆರಿಗೆ ಚಿಮ್ಮುತ್ತ, ಇಳಿಯುತ್ತ, ಮತ್ತೆ ಚಿಮ್ಮುತ್ತ. ಹಿಂದಿನಿಂದ ಹುಡುಗಿಯೊಬ್ಬಳು ಒಂದು ಚಪ್ಪಲಿ ಕೈಯಲ್ಲಿ ಹಿಡಿದು "ಅವ್ವಾ, ನಿಂದರ ಅವ್ವಾ" ಎಂದು ಕೂಗುತ್ತ ಓಡುತ್ತಾಳೆ. ಹೆಂಗಸು ತಿರುಗುವುದಿಲ್ಲ. ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ. ಕೂಸು ಮಾತ್ರ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದೆ, ಬಾಯಲ್ಲಿ ಸೀರೆಯ ಸೆರಗು ಕಚ್ಚಿಕೊಂಡು.

ಇಂಚರಾ ಅವ್ವನನ್ನು ನೋಡಬೇಕಿತ್ತು. ಅವಳ ಕಣ್ಣು ಕೂಸನ್ನು ಬಿಟ್ಟು ಕದಲಲಿಲ್ಲ. ಅದಕ್ಕೆ ಎಲ್ಲವೂ ಸಿಕ್ಕಿತ್ತು, ಆ ಸೊಂಟ, ಆ ವಾಸನೆ, ಆ ತೂಗಾಟ. ಅದರ ಮುಖದಲ್ಲಿ ಸಿಕ್ಕಿದ್ದರ ಗುರುತೇ ಇರಲಿಲ್ಲ. ಇಷ್ಟು ದಿನ ಅಕ್ಕನ ಮೇಲಿದ್ದ ಕಿಚ್ಚು ಈಗ ಆ ಟೋಪಿಯ ಕೂಸಿನ ಕಡೆ ತಿರುಗಿತು. ಅದನ್ನು ಕರುಬಿದಷ್ಟು ಯಾರನ್ನೂ ಅವಳು ಈವರೆಗೆ ಕರುಬಿರಲಿಲ್ಲ.

ಆಗ ಫೋನಿನ ಹಿಂದಿನಿಂದ ಗಂಡಸಿನ ದನಿ ಕೇಳಿತು, ಜೋರಾಗಿ, ಖುಷಿಯಿಂದ: "ಲೀಲಾ! ಏ ಲೀಲಾ! ನಿಂದರು, ಇತ್ಲಾಗ ನೋಡು, ನಗು!"

ಅವ್ವ ನಿಂತಳು. ತಿರುಗಿದಳು. ನಕ್ಕಳು. ನಗುತ್ತ, ಅಲುಗದೆ, ಉಳಿದ ಅರ್ಧ ನಿಮಿಷ ಹಾಗೆಯೇ ನಿಂತಿದ್ದಳು. ಆ ನಗು ಇಂಚರಾ ಬಲ್ಲಳು. ಮನೆಯಲ್ಲಿದ್ದ ಎರಡೂ ಫೋಟೋಗಳಲ್ಲಿ ಅದೇ ಇತ್ತು.

"ನಾ ಕೂಗಿದ್ರ ತಿರುಗಲಿಲ್ಲ," ಅಂದಳು ಭುವನಾ. "ಅಪ್ಪ ಕೂಗಿದ ಕೂಡ್ಲೆ ತಿರುಗಿದ್ಲು."

"ನಡದದ್ದು ಎಷ್ಟು ಹೊತ್ತು?" ಇಂಚರಾ ಕೇಳಿದಳು.

"ಹನ್ನೊಂದು ಸೆಕೆಂಡು," ಅಂದರು ತಹಸೀನ್. "ಬ್ಯಾರೆಯವರಕ್ಕಿಂತ ನಿಮ್ಮದ ಹೆಚ್ಚು. ಆಗಿನ ಕಾಲದ ಮಂದಿ ಕೈಯಾಗ ಹೊತ್ತುಮುಳುಗೂತನಾ ಫೋನ್ ಇರತಿತ್ತು. ಲಕ್ಷಗಟ್ಟಲೆ ಚಿತ್ರ ತರತಾರ ನನ್ನ ಹತ್ರ. ಎಲ್ಲಾರೂ ನಿಂತಿರತಾರ. ಎಲ್ಲಾರೂ ನಗತಿರತಾರ. ಒಂದು ಎಲುಬಿಗೆ ಕಲಿಸೋವಷ್ಟು ಯಾರೂ ನಡದಿಲ್ಲ. ನಮ್ಮ ಅಮ್ಮೀದು ಹುಡಿಕಿದೆ. ನನ್ನ ಹತ್ರ ಸಾವಿರ ಫೋಟೋ ಅದಾವ. ನಾಕು ಹೆಜ್ಜಿ ಸಿಗಲಿಲ್ಲ."

ಇಂಚರಾ ಕುರ್ಚಿಯನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡಳು. ಭುವನಾ ಸರಿದು ಜಾಗ ಕೊಡಲಿಲ್ಲ, ಎದ್ದೂ ಹೋಗಲಿಲ್ಲ.

"ಇನ್ನೊಮ್ಮೆ ಹಾಕ್ರಿ," ಅಂದಳು ಇಂಚರಾ.

ಹಾಕಿದರು. ಇನ್ನೊಮ್ಮೆ. ಮತ್ತೊಮ್ಮೆ. ಹತ್ತನೆಯ ಸೆಕೆಂಡು ಹತ್ತಿರವಾದಂತೆ ಅಕ್ಕತಂಗಿಯರಿಬ್ಬರೂ ಕುರ್ಚಿಯ ತುದಿಗೆ ಬಂದು, ಪರದೆಯಾಚೆಗಿನ ಆ ಗಂಡಸು ಈ ಸಲವಾದರೂ ಬಾಯಿ ಮುಚ್ಚಿಕೊಂಡು ಅವಳನ್ನು ನಡೆಯಗೊಡಬಹುದೇನೋ ಎಂಬಂತೆ ಉಸಿರು ಹಿಡಿಯುತ್ತಿದ್ದರು. ಅಪ್ಪ ಪ್ರತಿಸಲವೂ ಕೂಗಿದ. ಪಾಪ, ಅವ್ವ ಪ್ರತಿಸಲವೂ ನಿಂತಳು.