ನಾಲ್ಕನೇ ಪ್ರತಿ

"ಕಳ್ಳತನ ಮಾಡೋಕೆ ನನ್ನ ಹಾಡೇ ಬೇಕಿತ್ತಾ ನಿಮಗೆ?"

ಅವನು ಸ್ಟುಡಿಯೋ ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅವಳು ಶುರು ಹಚ್ಚಿಕೊಂಡಳು.

"ನಿಮ್ಮ ಹಾಡಾ? ಬರೆದವನು ನಾನು!"

"ಮಿಕ್ಸ್ ಮಾಡಿದವಳು ನಾನು. ಬಿಡುಗಡೆಗೆ ಹತ್ತು ದಿನ ಇರೋವಾಗ ಇಂಟರ್‌ನೆಟ್‌ಗೆ ಬಿಟ್ಟವರು ನೀವು. ಹನ್ನೊಂದಕ್ಕೆ ಕಂಪನಿ ವಕೀಲರು ಬರ್ತಾರೆ. ಅವರ ಮುಂದೆ ತೋರಿಸಿ ನಿಮ್ಮ ಕವಿತ್ವ ಎಲ್ಲ."

ಅವಳು ಸೌಂಡ್ ಎಂಜಿನಿಯರ್. ಅವನು ಸಿನಿಮಾ ಹಾಡು ಬರೆಯುವವನು, ಎಲ್ಲರ ಬಾಯಲ್ಲೂ ಕವಿಗಳು. ಮೂರು ವರ್ಷದಿಂದ ಇಬ್ಬರದೂ ಹಾವು ಮುಂಗುಸಿ ಸಂಬಂಧ. ಅವನು ಹೇಳಿದ ದಿನಕ್ಕೆ ಸಾಹಿತ್ಯ ಕೊಟ್ಟವನಲ್ಲ; ಅವಳು ಆ ಸಾಹಿತ್ಯವನ್ನು ಡ್ರಮ್ಸ್ ಅಡಿಯಲ್ಲಿ ಹೂಳದೆ ಬಿಟ್ಟವಳಲ್ಲ. ನಿರ್ಮಾಪಕರಿಗೆ ಸದ್ದು ಬೇಕು, ಅವಳೇನು ಮಾಡಿಯಾಳು? ಅದನ್ನು ವಿವರಿಸುವ ಸೌಜನ್ಯ ಅವಳಿಗಿರಲಿಲ್ಲ, ಕೇಳಿಸಿಕೊಳ್ಳುವ ತಾಳ್ಮೆ ಅವನಿಗೂ ಇರಲಿಲ್ಲ.

ಇವತ್ತು ವಿಷಯ ಜಗಳದ ಮಟ್ಟ ಮೀರಿತ್ತು. ಲೀಕ್ ಆದದ್ದು ಯಾರಿಂದ ಎಂದು ಅವಳು ಬರೆದು ಸಹಿ ಹಾಕಬೇಕು. ಹಾಕಿದರೆ ಅವನ ಮೇಲೆ ಕಾಪಿರೈಟ್ ಕೇಸು. ಮುಂದೆ ಯಾರೂ ಅವನನ್ನು ಕರೆದು ಹಾಡು ಬರೆಸುವುದಿಲ್ಲ. ಬೆಳಗಿನಿಂದ ಅವಳಿಗೆ ಏನೋ ಸಂಕಟ. ತನಗೆ ಸಂಕಟವಾಗುತ್ತಿದೆ ಎಂಬುದಕ್ಕೇ ಇನ್ನಷ್ಟು ಸಿಟ್ಟು.

"ನಾನೇ ಅಂತ ಯಾವ ದೇವರು ಬಂದು ಹೇಳಿದ?"

"ನನ್ನ ಕಿವಿ ಹೇಳ್ತು. ಆರು ಜನಕ್ಕೆ ಆರು ಪ್ರತಿ ಕಳಿಸಿದ್ದೆ, ಒಂದೊಂದರಲ್ಲೂ ಒಂದೊಂದು ಸಣ್ಣ ಗುರುತು. ಒಂದರಲ್ಲಿ ಕೊಳಲು ಚೂರು ಬೇಗ ಬರುತ್ತೆ, ಇನ್ನೊಂದರಲ್ಲಿ ಒಂದು ತಬಲಾ ಪೆಟ್ಟು ಇಲ್ಲ. ಲೀಕ್ ಆಗಿರೋದು ನಾಲ್ಕನೇದು. ನಾಲ್ಕನೇದು ನಿಮ್ಮದು."

"ನನ್ನದರಲ್ಲಿ ಏನು ಗುರುತು?"

ಅವಳು ತಟ್ಟನೆ ಕಂಪ್ಯೂಟರ್ ಕಡೆ ತಿರುಗಿದಳು. "ಅದೆಲ್ಲ ನಿಮಗೆ ಬೇಡ."

"ನಾನು ಅದನ್ನ ಕೇಳೇ ಇಲ್ಲ ಕಣ್ರೀ! ಲಿಂಕ್ ಒತ್ತೇ ಇಲ್ಲ. ಹೇಗೂ ನನ್ನ ಪದಗಳಿಗೆ ಸಮಾಧಿ ಕಟ್ಟಿರ್ತೀರ, ಕೇಳಿ ಹೊಟ್ಟೆ ಉರಿಸಿಕೊಳ್ಳೋದ್ಯಾಕೆ ಅಂತ ಬಿಟ್ಟೆ."

"ಕೇಳೇ ಇಲ್ವಾ? ಕಳಿಸಿ ಎರಡು ವಾರ ಆಯ್ತು!" ಅವನನ್ನು ಕಳ್ಳನೆಂದಾಗಲೂ ಅವಳ ದನಿ ಇಷ್ಟು ಏರಿರಲಿಲ್ಲ.

"ನೋಡಿ ಬೇಕಾದ್ರೆ."

ನೋಡಿದಳು. ಯಾವ ಲಿಂಕನ್ನು ಎಷ್ಟು ಸಲ ತೆರೆದರು ಎಂಬುದು ಅದರ ಪಕ್ಕದಲ್ಲೇ ಬರುತ್ತದೆ. ನಾಲ್ಕನೆಯದರ ಪಕ್ಕ ಸೊನ್ನೆ ಇತ್ತು.

ಅವನು ಹಿಂದಿನಿಂದ ಬಗ್ಗಿ ನೋಡುತ್ತಿದ್ದ. ಉಸಿರು ಅವಳ ಕಿವಿಗೆ ತಾಗುತ್ತಿತ್ತು. ಆ ಕಡೆ ಸರೀರಿ ಎನ್ನಲು ಬಾಯಿ ಬರಲಿಲ್ಲ. ನಾಲ್ಕನೇ ಪ್ರತಿ ಅವನಿಗೆ ತಲುಪಿಯೇ ಇಲ್ಲವೆಂದರೆ, ಅದು ಇದ್ದದ್ದು ಇನ್ನೊಂದೇ ಕಡೆ, ಅವಳ ಫೋನಿನಲ್ಲಿ. ಆ ಫೋನು ಭಾನುವಾರವಿಡೀ ತಂಗಿಯ ಕೈಯಲ್ಲಿತ್ತು.

ಫೋನ್ ಮಾಡಿದಳು. "ಒಬ್ಬಳಿಗೇ ಕಳಿಸಿದ್ದು ಅಕ್ಕಾ, ನಿನ್ನಾಣೆ," ಎಂದಳು ತಂಗಿ. "ಯಾರಿಗೂ ಕೊಡಬೇಡ ಅಂತಾನೂ ಹೇಳಿದ್ದೆ..."

ಆ ಸಣ್ಣ ಕೋಣೆಯಲ್ಲಿ ಅದು ಅವನಿಗೂ ಕೇಳಿಸಿತು.

"ನನ್ನನ್ನ ಜೈಲಿಗೆ ಕಳಿಸೋಕೆ ಹೊರಟಿದ್ರಲ್ರೀ," ಎಂದ. ಕೂಗಲಿಲ್ಲ. ಕೂಗಿದ್ದರೇ ವಾಸಿಯಿತ್ತು.

ವಕೀಲರು ಹನ್ನೊಂದಕ್ಕೆ ಸರಿಯಾಗಿ ಬಂದರು. ಅವಳು ನಿಂತುಕೊಂಡೇ ಹೇಳಿದಳು: "ಲೀಕ್ ಆಗಿದ್ದು ನನ್ನ ಫೋನಿಂದ ಸರ್. ಇವರದೇನೂ ತಪ್ಪಿಲ್ಲ."

"ಇವರಿಗೆ ಅಂತ ಮಾಡಿದ ಪ್ರತಿ ನಿಮ್ಮ ಫೋನಲ್ಲಿ ಯಾಕಿತ್ತಮ್ಮಾ?"

ಬೇರೆ ಯಾವ ಪ್ರಶ್ನೆಯಾದರೂ ಆಗಬಹುದಿತ್ತು. ಅವನು ಗೋಡೆ ನೋಡುತ್ತಿದ್ದ, ಕಿವಿ ಮಾತ್ರ ಇತ್ತ.

"ಅದರಲ್ಲಿ ಎರಡು ಸಾಲಿಗೆ ಡ್ರಮ್ಸ್ ತಗ್ಗಿಸಿದ್ದೆ. ಅದೇ ಅದರ ಗುರುತು. ಇವರು ಬರೆದ ಪದ ಇವರಿಗಾದ್ರೂ ಕೇಳ್ಲಿ ಅಂತ. ಆಮೇಲೆ ನನಗೇ ದಿನಾ ಕೇಳಬೇಕು ಅನ್ನಿಸ್ತು."

"ಕೆಲಸದ ಸಲುವಾಗಿ?"

"ಅಲ್ಲ ಸರ್."

"ಅದಕ್ಕೇ ಜನ ಬೆಳಿಗ್ಗೆಯಿಂದ ಸಾಹಿತ್ಯ ಹೊಗಳ್ತಿರೋದು," ಎಂದು ಅವನು ಗೋಡೆಗೆ ಹೇಳಿದ.

ವಕೀಲರು ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿ, ವೈಯಕ್ತಿಕ ಕಾರಣ ಎಂದು ಬರೆದುಕೊಂಡರು. ಚಿತ್ರದಿಂದ ಅವಳ ಹೆಸರು ತೆಗೆಯುತ್ತಾರೆ, ಕಂಪನಿಯಿಂದ ನೋಟಿಸು ಬರುತ್ತದೆ ಎಂದರು. ಆರೂ ಲಿಂಕುಗಳನ್ನು ಮುಚ್ಚಿಸಿ, ಫೋನು, ಹಾರ್ಡ್ ಡಿಸ್ಕು ಎರಡನ್ನೂ ಕವರಿಗೆ ಹಾಕಿ ಸೀಲು ಮಾಡಿದರು.

"ಸಾಹಿತ್ಯ ನಿಮ್ಮದು. ನೀವೂ ಇವರ ಮೇಲೆ ದೂರು ಕೊಡಬಹುದು," ಎಂದರು ಹೊರಡುವಾಗ.

"ಕೊಡದೇ ಬಿಡ್ತೀನಾ?" ಎಂದ ಅವನು.

ಬಾಗಿಲು ಮುಚ್ಚಿತು. ಮೂರು ವರ್ಷದ ದುಡಿಮೆ ಆ ಕವರಿನಲ್ಲಿ ಹೋಯಿತಲ್ಲ ಎಂದು ಅವಳಿಗೆ ಅಳು ಒತ್ತಿ ಬಂತು. ಇವನ ಮುಂದೆ ಮಾತ್ರ ಅಳಬಾರದು ಎಂದು ಹಲ್ಲು ಕಚ್ಚಿದಳು.

"ಆ ಎರಡು ಸಾಲು ಹಾಕಿ. ಕೇಳ್ತೀನಿ."

"ಈಗ ಬಂತಾ ಜ್ಞಾನ? ಎಲ್ಲ ಸೀಲಾಯ್ತು. ಇಂಟರ್‌ನೆಟ್‌ನಲ್ಲಿ ಸಿಗುತ್ತೆ, ಹೋಗಿ ಕೇಳಿ."

"ಕದ್ದ ಹಾಡು ಕೇಳಲ್ಲ ನಾನು. ನೀವೇ ಹೇಳಿ."

"ನನಗೆ ಹಾಡೋಕೆ ಬರಲ್ಲ."

"ಹಾಡಿ ಅಂದವರ್ಯಾರು? ಹೇಳಿ ಸಾಕು."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಹೊರಗಿನ ಯಾವ ಸದ್ದೂ ಒಳಗೆ ಬರದ ಕೋಣೆ ಅದು.

"ನೀ ಬೈದ ಮಾತಲ್ಲೂ ನನ್ನ ಹೆಸರಿತ್ತು,
ಅಷ್ಟು ಸಾಕೆಂದು ಮನೆಗೆ ಬಂದೆ."

ಅವನ ಮುಖದ ಗಂಟು ಸಡಿಲವಾಗಲಿಲ್ಲ, ಕಣ್ಣು ಮಾತ್ರ ಅವಳ ಮೇಲಿಂದ ಕದಲಲಿಲ್ಲ.

"ಯಾರಿಗೆ ಬರೆದದ್ದು ಇದು?" ಎಂದು ಕೇಳಿದಳು.

"ಮೂರು ವರ್ಷದಿಂದ ನನ್ನನ್ನ ಹಿಗ್ಗಾಮುಗ್ಗಾ ಬೈತಿರೋರು ಊರಲ್ಲಿ ಬೇರೆ ಯಾರಿದ್ದಾರ್ರೀ?" ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. "ಇನ್ನೊಂದ್ಸಲ ಹೇಳಿ. ನನಗಿನ್ನೂ ಸಿಟ್ಟು ಇಳಿದಿಲ್ಲ."