ಯಾರೂ ಕೊಡದ ಹೆಸರು

ನಾರಿನ್ ಊರಿನ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ, ತೀರಿಕೊಂಡವರಿಗಾಗಿ ಏಳು ರೊಟ್ಟಿ ಕರಿಯುತ್ತೇವೆ. ಎಣ್ಣೆಯ ವಾಸನೆ ಅವರನ್ನು ತಲುಪುತ್ತದೆ. ಇವತ್ತು ಅರ್ಧ ಕರಿದಿರುವಾಗ ಒಳಗೆ ಕಂಪ್ಯೂಟರ್ ಟಿಣ್ ಎಂದಿತು.

"ಎಲ್ಲಿಗೇ ಹೊರಟೆ? ಸತ್ತವರಿಗೆ ವಾಸನೆ ಸಾಕು, ಸೀದ ರೊಟ್ಟಿ ಬೇಡ," ಎಂದರು ಅತ್ತೆ. ಕೈ ಒರೆಸಿಕೊಂಡು ಓಡಿದೆ.

ವಾರಕ್ಕೊಮ್ಮೆ ಹಳೆಯ ಫೈಲುಗಳನ್ನು ತಾನಾಗಿ ಅಳಿಸುವ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದದ್ದು ನನ್ನ ಗಂಡ ಎರ್ಮೆಕ್. ಯಾರ ಫೈಲು ಅಳಿಸಬೇಕೋ ಅವರ ಹೆಸರು ಕಂಪ್ಯೂಟರಿನಲ್ಲಿ ಸದಾ ಇರುತ್ತದೆಂದು ನಂಬಿ ಬರೆದಿದ್ದರು. ಹೆಸರು ಖಾಲಿಯಾದರೆ ಎಲ್ಲರದೂ ಅಳಿಯುತ್ತಿತ್ತು. ಅವರು ತೀರಿಕೊಂಡ ಮೇಲೆ, ಅವರ ದನಿಯ ರೆಕಾರ್ಡಿಂಗುಗಳಾದರೂ ಉಳಿಯಲೆಂದು, ಹೆಸರಿಲ್ಲದಿದ್ದರೆ ಸ್ಕ್ರಿಪ್ಟ್ ನಿಂತುಬಿಡುವಂತೆ ನಾನು ತಿದ್ದಿದೆ. ಹೆಸರನ್ನೂ ತೆಗೆದುಹಾಕಿದೆ.

ಆದರೂ ಹಿಂದಿನ ಶುಕ್ರವಾರಗಳಂತೆಯೇ ಪರದೆಯ ಮೇಲೆ 'ಎರ್ಮೆಕ್: ಒಂದು ಫೈಲು ಅಳಿಸಿದೆ' ಎಂದಿತ್ತು. ಕೀಬೋರ್ಡ್ ಹಿಮದಷ್ಟು ತಣ್ಣಗಿತ್ತು. ನಾನು ಮುಟ್ಟುವ ಮೊದಲೇ ಅದರ ಮೇಲೆ ಎಣ್ಣೆಯ ಜಿಡ್ಡು. ಸ್ಕ್ರಿಪ್ಟಿಗೆ ಆ ಹೆಸರು ಎಲ್ಲಿಂದ ಸಿಕ್ಕಿತೆಂದು ಹುಡುಕಿದೆ, ಕಂಪ್ಯೂಟರಿನಲ್ಲಿ ಎಲ್ಲೂ ಇರಲಿಲ್ಲ. ಅಳಿದ ರೆಕಾರ್ಡಿಂಗುಗಳಿಗೆ ಬೇರೆ ಕಡೆ ಇಟ್ಟ ಪ್ರತಿಗಳು ಓಡುತ್ತವೆ, ದನಿ ಮಾತ್ರ ಬರುವುದಿಲ್ಲ. ಈಗ ಉಳಿದದ್ದು ಮಗಳಿಗೆ ಹಾಡಿದ ಜೋಗುಳ ಒಂದೇ.

ಬಾಗಿಲಲ್ಲಿ ಮಗಳು ಬೆಗಿಮೈ ನಿಂತಿದ್ದಳು. ವಾರವಾರವೂ ಹೀಗೆ ಬಂದು ನೋಡುತ್ತಿದ್ದವಳು ಕೇಳಿದಳು:

"ಅಮ್ಮಾ, ಅಪ್ಪ ತನ್ನ ದನಿ ವಾಪಸ್ ತಗೊಂಡು ಹೋಗ್ತಿದ್ದಾರಾ?"