ಹನ್ನೊಂದು ಕಂಪ್ಯೂಟರ್, ಒಂದು ನೀಲಿ ಪುಟ

ಸೋಮವಾರ ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ತೂಕ ಮತ್ತು ಅಳತೆ ಕಚೇರಿಯ ಮುಖ್ಯಾಧಿಕಾರಿ ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರದೆ, ತಮ್ಮ ಕಚೇರಿಗೆ ಯಾರೋ ನುಗ್ಗಿದ್ದಾರೆ ಎಂದರು.

“ಏನೇನು ಹೋಗಿದೆ?” ಇನ್‌ಸ್ಪೆಕ್ಟರ್ ಕೇಳಿದರು. ಹೆಂಗಸು, ನಲವತ್ತರ ಆಸುಪಾಸು, ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಸುಮ್ಮನಿರಬಲ್ಲವರು. ಪೊಲೀಸರಲ್ಲಿ ಇದು ಅಪರೂಪದ ಗುಣ.

“ಏನೂ ಹೋಗಿಲ್ಲ.”

“ಮತ್ತೆ?”

“ಹೊಸದು ಹೋಗಿ ಹಳೇದು ಬಂದಿದೆ.”

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿದರು. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್‌ನಲ್ಲಿ ಹಳೆಯದನ್ನು ಇಟ್ಟು ಹೋದ ಕಳ್ಳನ ಸುದ್ದಿಯನ್ನು ಅವರು ಕೇಳಿರಲಿಲ್ಲ. ಅಂಥವನು ಒಬ್ಬನಿದ್ದರೆ ತಮ್ಮ ಮನೆಗೂ ಬರಲಿ, ಕಳೆದ ತಿಂಗಳು ಮಾರಿದ ಸ್ಕೂಟರ್ ವಾಪಸ್ ಸಿಗಲಿ ಎಂದು ಅವರಿಗೆ ಅನಿಸಿತು.

ಮುಖ್ಯಾಧಿಕಾರಿ ಕೊನೆಗೂ ಕೂತು ವಿವರ ಹೇಳಿದರು. ಕಚೇರಿಯಲ್ಲಿ ಹನ್ನೊಂದು ಕಂಪ್ಯೂಟರ್. ಪ್ರಮಾಣಪತ್ರ ಟೈಪ್ ಮಾಡುವ ಸಾಫ್ಟ್‌ವೇರ್ ತೀರಾ ಹಳೆಯದಾಗಿತ್ತು. ಶುಕ್ರವಾರ ತಂತ್ರಜ್ಞನನ್ನು ಕರೆಸಿ ಹನ್ನೊಂದಕ್ಕೂ ಹೊಸ ಆವೃತ್ತಿ ಹಾಕಿಸಿದರು. ಈ ಗುರುವಾರ ಎಲ್ಲ ನೌಕರರಿಗೆ ಹೊಸದರಲ್ಲಿ ಪರೀಕ್ಷೆ. ಪಾಸಾಗದವರು ಮೇಜು ಬಿಟ್ಟು ಕಬ್ಬಿಣದ ತೂಕದ ಕಲ್ಲು ಜೋಡಿಸುವ ಉಗ್ರಾಣಕ್ಕೆ ಹೋಗಬೇಕೆಂದು ನೋಟಿಸ್ ಅಂಟಿಸಿದ್ದಾರೆ. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಹನ್ನೊಂದರಲ್ಲೂ ಹಳೆಯದೇ ಕೂತಿದೆ.

“ಯಾರ ಮೇಲಾದ್ರೂ ಅನುಮಾನ?”

“ತಂತ್ರಜ್ಞನ ಮೇಲೆ. ಹಾಕೋವಾಗ್ಲೇ ‘ಹಳೇದೇ ಚೆನ್ನಾಗಿತ್ತು ಸಾರ್’ ಅಂತ ಗೊಣಗ್ತಿದ್ದ.”

ಅನುಮತಿಯಿಲ್ಲದೆ ಕಚೇರಿಯ ಕಂಪ್ಯೂಟರ್ ಬದಲಾಯಿಸುವುದು ಅಪರಾಧವೇ. ಹತ್ತು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. “ಹೊಸದನ್ನ ಕಟ್ಕೊಂಡು ಮೂರೇ ದಿನ. ಕೊನೆಗೂ ಹಳೇ ಗಂಡನ ಪಾದವೇ ಗತಿ ಆಯ್ತಲ್ಲ ಮೇಡಂ,” ಎಂದು ಹೆಡ್ ಕಾನ್‌ಸ್ಟೇಬಲ್ ಜೀಪು ಹತ್ತುವಾಗ ಹೇಳಿದರು. ಜೊತೆಗಿದ್ದ ಕಾನ್‌ಸ್ಟೇಬಲ್ ಹುಡುಗಿ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು.

ಕಚೇರಿ ಒಂದು ಉದ್ದ ಹಜಾರ. ಗೋಡೆಗೆ ಗಾಜಿನ ಬೀರು, ಅದರಲ್ಲಿ ಹಿತ್ತಾಳೆಯ ತೂಕಗಳು ಕಿಲೋದಿಂದ ಗ್ರಾಂವರೆಗೆ ಸಾಲಾಗಿ ಇಳಿದು ನಿಂತಿದ್ದವು. ಮುಂಬಾಗಿಲಲ್ಲಿ ಅಂಗಡಿಯವರು ತಕ್ಕಡಿಗಳನ್ನು ಪರೀಕ್ಷೆಗೆ ಹಿಡಿದು ಕಾಯುತ್ತಿದ್ದರು. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರ ಹತ್ತಿರ: ಮುಖ್ಯಾಧಿಕಾರಿ, ಶುಕ್ರವಾರದ ಕೆಲಸಕ್ಕೆಂದು ಒಂದನ್ನು ಪಡೆದಿದ್ದ ತಂತ್ರಜ್ಞ, ಮತ್ತು ದಾಖಲೆ ಕೋಣೆಯ ಮೇಲ್ವಿಚಾರಕರು. ಮೇಲ್ವಿಚಾರಕರನ್ನು ಕಚೇರಿಯವರು ಬೆನ್ನ ಹಿಂದೆ ಮಿಲಿಗ್ರಾಂ ಎನ್ನುತ್ತಿದ್ದರು. ಅಷ್ಟನ್ನೂ ಬಿಡದ ಮನುಷ್ಯ. ಇಂದಿಗೂ ಶಾಯಿ ಪೆನ್ನಿನಲ್ಲಿ ಬರೆಯುವ ಅವರು ಕಂಪ್ಯೂಟರ್ ಮುಂದೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಹನ್ನೊಂದು ಹದಿನೈದಕ್ಕೆ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು: ತಕ್ಕಡಿ ತಂದಿದ್ದ ಒಬ್ಬ ಅಂಗಡಿಯಾತ, ಎದುರಿನ ಔಷಧಿ ಅಂಗಡಿಯ ಹೆಂಗಸು. ತಂತ್ರಜ್ಞನನ್ನೂ ಕರೆಸಲಾಯಿತು. ಬೆವರೊರೆಸಿಕೊಳ್ಳುತ್ತಲೇ ಅವನು ಪ್ರತಿ ಯಂತ್ರದಲ್ಲೂ ಹಳೆಯ ಸಾಫ್ಟ್‌ವೇರ್ ಕೂತ ಸಮಯ ತೋರಿಸಿದ. ಎಲ್ಲ ಭಾನುವಾರವೇ. ಮೊದಲನೆಯದು ಬೆಳಿಗ್ಗೆ ಏಳು ಐದಕ್ಕೆ ಶುರು, ಕೊನೆಯದು ಹನ್ನೆರಡು ಹತ್ತಕ್ಕೆ ಮುಗಿದಿದೆ.

“ನೀನು ಭಾನುವಾರ ಎಲ್ಲಿದ್ದೆ?”

“ಮಗಳ ಓಟದ ಪಂದ್ಯ ಇತ್ತು ಮೇಡಂ. ಆರಕ್ಕೆ ಮೈದಾನದಲ್ಲಿದ್ದೆ, ಒಂದು ಗಂಟೆವರೆಗೂ. ಅವಳ ಕೋಚ್‌ನ ಕೇಳಿ. ನಾಲ್ಕನೇ ಸ್ಥಾನ ಬಂದ್ಲು.”

“ಒಂದು ಕಂಪ್ಯೂಟರ್‌ಗೆ ಇದನ್ನ ಹಾಕೋಕೆ ನಿನಗೆ ಎಷ್ಟೊತ್ತು ಬೇಕು?”

“ಹತ್ತು ನಿಮಿಷ. ಕಣ್ಣು ಮುಚ್ಚಿಕೊಂಡು ಹಾಕ್ತೀನಿ.”

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡಿದ್ದ ಸಮಯದ ಪಟ್ಟಿ ನೋಡಿದರು. ಒಂದೊಂದು ಯಂತ್ರಕ್ಕೂ ಇಪ್ಪತ್ತೈದು ನಿಮಿಷ ಹಿಡಿದಿತ್ತು. ಮೂರನೆಯದಕ್ಕೆ ಮಾತ್ರ ಐವತ್ತೈದು. ಕೆಲಸ ಮಾಡಿದವನು ಪುಸ್ತಕ ಓದಿಕೊಂಡು, ಬೆರಳಿಟ್ಟು, ಹೆದರಿ ಹೆದರಿ ಮಾಡಿರಬೇಕು. ಕಾನ್‌ಸ್ಟೇಬಲ್ ಹುಡುಗಿ ಕೋಚ್‌ಗೆ ಫೋನ್ ಮಾಡಿ ಬಂದು ಹೌದೆಂದು ತಲೆಯಾಡಿಸಿದಳು. ತಂತ್ರಜ್ಞನ ಬೆವರು ಆಗ ಆರಿತು.

ಎರಡು ಆವೃತ್ತಿಗಳ ವ್ಯತ್ಯಾಸ ಪಂಚನಾಮೆಯಲ್ಲಿ ಬರಬೇಕಿತ್ತು. ತಂತ್ರಜ್ಞ ತನ್ನ ಲ್ಯಾಪ್‌ಟಾಪಿನಲ್ಲಿದ್ದ ಹೊಸದನ್ನು ತೆರೆದು ಹಳೆಯದರ ಪಕ್ಕ ಇಟ್ಟ. ಹುಡುಗಿ ಒಂದೇ ಪ್ರಮಾಣಪತ್ರವನ್ನು ಎರಡರಲ್ಲೂ ಟೈಪ್ ಮಾಡಿದಳು. ಹೆಡ್ ಕಾನ್‌ಸ್ಟೇಬಲ್ ಹೊಸ ಸೊಸೆಯನ್ನೂ ಹಳೆ ಸೊಸೆಯನ್ನೂ ತೂಗುವ ಅತ್ತೆಯ ಶ್ರದ್ಧೆಯಿಂದ ಬರೆದುಕೊಂಡರು. ಹಳೆಯದರಲ್ಲಿ ಮೇಲ್ಗಡೆ ಪದಗಳ ಸಾಲು, ಒತ್ತಿದರೆ ಪಟ್ಟಿ ಇಳಿಯುತ್ತದೆ. ಹೊಸದರಲ್ಲಿ ಅಗಲವಾದ ಪಟ್ಟಿ, ತುಂಬ ಚಿತ್ರಗಳು. ಹಳೆಯದರಲ್ಲಿ ಮುದ್ರಣದ ಗುಂಡಿ ಕಣ್ಣೆದುರೇ ಇದೆ, ಹೊಸದರಲ್ಲಿ ಅದು ಮೂಲೆಯ ಒಂದು ದುಂಡು ಗುರುತಿನೊಳಗೆ ಅಡಗಿದೆ. ಹೊಸದರಲ್ಲಿ ಉಳಿಸಿದ ಪತ್ರವನ್ನು ಹಳೆಯದು ತೆರೆಯಲಾರದು. ಕಾಗುಣಿತದ ತಪ್ಪು ಹಿಡಿಯುವುದರಲ್ಲಿ ಹೊಸದು ಚುರುಕು. ನೋಡಲೂ ಹೊಸದೇ ಚಂದ, ಅದನ್ನು ಒಪ್ಪಬೇಕು.

“ಮೇಡಂ, ಈ ಮೂರನೇದು ಕೆಟ್ಟಿದೆ ಅನ್ಸುತ್ತೆ,” ಹುಡುಗಿ ಕರೆದಳು.

ಮೂರನೆಯ ಯಂತ್ರದಲ್ಲಿ ಪುಟ ಬಿಳಿಯಾಗಿರಲಿಲ್ಲ. ಕಡು ನೀಲಿ ಪುಟ, ಬಿಳಿಯ ಅಕ್ಷರ.

“ಕೆಟ್ಟಿಲ್ಲ,” ಎಂದ ತಂತ್ರಜ್ಞ. “ಹಳೇದರಲ್ಲಿ ಒಳಗೆಲ್ಲೋ ಒಂದು ಗುರುತು ಹಾಕಿದ್ರೆ ಹೀಗಾಗತ್ತೆ. ಹೊಸದರಲ್ಲಿ ಅದನ್ನ ತೆಗೆದುಬಿಟ್ಟಿದ್ದಾರೆ. ಯಾರೂ ಬಳಸಲ್ಲ ಅಂತ.”

“ಇಲ್ಲಿ ಕೂರೋರು ಯಾರು?”

ಟೈಪಿಸ್ಟ್ ಅಕ್ಕ ಎಂದು ಎಲ್ಲರೂ ಕರೆಯುವ ಹೆಂಗಸು ಗೋಡೆಯ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದರು. ಇಪ್ಪತ್ತೆರಡು ವರ್ಷ ಆ ಮೇಜಿನಲ್ಲಿ ಕೂತವರು. ಅವರು ಟೈಪ್ ಮಾಡಿದ ಪ್ರಮಾಣಪತ್ರವನ್ನು ತಿದ್ದುವುದಕ್ಕೆಂದು ವಾಪಸ್ ತಂದ ಅಂಗಡಿಯವನು ಇಲ್ಲ ಎಂದು ಮುಖ್ಯಾಧಿಕಾರಿಯೇ ಹೇಳಿದರು.

“ನೀಲಿ ಯಾಕಮ್ಮಾ?”

“ಅಭ್ಯಾಸ,” ಎಂದರು ಟೈಪಿಸ್ಟ್ ಅಕ್ಕ. ಇನ್‌ಸ್ಪೆಕ್ಟರ್ ಎಡಕ್ಕೆ ಸರಿದು ನಿಂತಿದ್ದರು. ಅಕ್ಕ ಮಾತಾಡಿದ್ದು ಅವರು ಮೊದಲು ನಿಂತಿದ್ದ ಜಾಗದ ಕಡೆ ನೋಡಿ.

ಇನ್‌ಸ್ಪೆಕ್ಟರ್ ಅದನ್ನು ಬರೆಸಲಿಲ್ಲ. ತಂತ್ರಜ್ಞನ ಕಡೆ ತಿರುಗಿ, ಹಳೆಯದನ್ನು ಹಾಕಲು ಏನು ಬೇಕು ಎಂದು ಕೇಳಿದರು.

“ಹಳೇ ಸಿಡಿ ಬೇಕು. ಈಗ ಎಲ್ಲೂ ಸಿಗಲ್ಲ. ನನ್ನ ಹತ್ರಾನೂ ಇಲ್ಲ. ಇದ್ರೆ ಇಲ್ಲಿ ದಾಖಲೆ ಕೋಣೇಲೇ ಇರಬೇಕು.”

ಮಧ್ಯಾಹ್ನ ಒಂದು ಹತ್ತಕ್ಕೆ ಅವರು ದಾಖಲೆ ಕೋಣೆಗೆ ಹೋದರು. ಕಡತಗಳೆಲ್ಲ ಒಂದೇ ಅಳತೆಗೆ ಕಟ್ಟಿ, ಒಂದೇ ಕಡೆ ಗಂಟು ಹಾಕಿದ ಕೋಣೆ. ಮೇಲ್ವಿಚಾರಕರು ಎದ್ದು ನಿಂತರು. ತೆಳ್ಳಗಿನ ಮನುಷ್ಯ, ಅಂಗಿಯ ಮೇಲಿನ ಗುಂಡಿಯೂ ಹಾಕಿದೆ.

“ಹಳೇ ಸಾಫ್ಟ್‌ವೇರಿನ ಸಿಡಿ ಇದೆಯಾ?”

“ಇದೆ.” ಪೆಟ್ಟಿಗೆ ತೆಗೆದು ಇಟ್ಟರು. ಒಳಗೆ ಸಿಡಿ, ದಪ್ಪನೆಯ ಕೈಪಿಡಿ. ಕೈಪಿಡಿಯ ಪುಟಗಳ ನಡುವೆ ಕಾಗದದ ಚೂರುಗಳು.

“ಇತ್ತೀಚೆಗೆ ಇದನ್ನ ಯಾರಾದ್ರೂ ತಗೊಂಡ್ರಾ?”

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಕೇಳಿದ್ದು ನಿಮ್ಮನ್ನೇ.”

“ರಿಜಿಸ್ಟರ್ ನೋಡಿ ಮೇಡಂ.”

ಹೆಡ್ ಕಾನ್‌ಸ್ಟೇಬಲ್ ರಿಜಿಸ್ಟರ್ ತೆರೆದರು. ಈ ಕೋಣೆಯಿಂದ ಒಂದು ಗುಂಡುಸೂಜಿಯೂ ಬರೆಯದೆ ಹೊರಗೆ ಹೋಗುತ್ತಿರಲಿಲ್ಲ. ಕೊನೆಯ ಪುಟದ ಕೊನೆಯ ಸಾಲು, ಮುತ್ತು ಪೋಣಿಸಿದಂಥ ಅಕ್ಷರ: ಭಾನುವಾರ, ಬೆಳಿಗ್ಗೆ ಆರು ಐವತ್ತೈದು, ಸಿಡಿ ಒಂದು, ಕೈಪಿಡಿ ಒಂದು. ವಾಪಸ್, ಹನ್ನೆರಡು ಇಪ್ಪತ್ತು. ಪಡೆದವರ ಸಹಿಯೂ ಕೊಟ್ಟವರ ಸಹಿಯೂ ಒಂದೇ. ಉದ್ದೇಶದ ಕಾಲಮ್ಮಿನಲ್ಲಿ ‘ತುರ್ತು ಅಗತ್ಯ’ ಎಂದಿತ್ತು.

ಹೆಡ್ ಕಾನ್‌ಸ್ಟೇಬಲ್ ಆ ಸಾಲನ್ನು ಎರಡು ಸಲ ಓದಿದರು. “ನೀವೇ ಬರೆದಿದ್ದೀರಲ್ಲ ಸಾರ್! ಮಾಡಿದ್ದನ್ನ ನೀವೇ ಬರೆದಿಟ್ಟಿದ್ದೀರಾ?”

“ಬರೀದೆ ಹೇಗ್ರೀ ತೆಗೆಯೋದು?” ಮೇಲ್ವಿಚಾರಕರಿಗೆ ನಿಜಕ್ಕೂ ಅರ್ಥವಾಗಲಿಲ್ಲ.

ಮುಖ್ಯಾಧಿಕಾರಿ ಬಾಗಿಲಲ್ಲೇ ತಲೆ ಚಚ್ಚಿಕೊಂಡರು. ಕಳ್ಳನನ್ನು ಊರೆಲ್ಲ ಹುಡುಕಬೇಕೇನೋ ಎಂದುಕೊಂಡಿದ್ದವರಿಗೆ ಅವನು ಸಮಯ ಸಮೇತ ಸಹಿ ಹಾಕಿ ಕೂತಿದ್ದು ಅವಮಾನವೆನಿಸಿರಬೇಕು. “ನನ್ನ ಮೇಲಿನ ದ್ವೇಷ ಇದು,” ಎಂದು ಕೂಗಿದರು. “ಸುಮ್ನೆ ಬಿಡಲ್ಲ. ಕೆಲಸದಿಂದ ತೆಗೆಸ್ತೀನಿ.”

“ಯಾಕೆ ಮಾಡಿದ್ರಿ?” ಇನ್‌ಸ್ಪೆಕ್ಟರ್ ಕೇಳಿದರು.

“ನನಗೆ ಹೊಸದು ಇಷ್ಟ ಇಲ್ಲ.”

“ನೀವು ಕಂಪ್ಯೂಟರ್ರೇ ಮುಟ್ಟಲ್ವಂತೆ. ಹೊಸದಾದ್ರೇನು, ಹಳೇದಾದ್ರೇನು?”

“ಇಷ್ಟ ಇಲ್ಲ ಅಷ್ಟೇ. ಬರ್ಕೊಳ್ಳಿ.”

ಎರಡು ಮೂವತ್ತಕ್ಕೆ ಮೇಲ್ವಿಚಾರಕರನ್ನು ದಸ್ತಗಿರಿ ಮಾಡಲಾಯಿತು. ದಸ್ತಗಿರಿ ಪತ್ರದಲ್ಲಿ ಹೆಡ್ ಕಾನ್‌ಸ್ಟೇಬಲ್ ಎರಡು ಇಪ್ಪತ್ತೈದು ಎಂದು ಬರೆದಿದ್ದರು. ಆರೋಪಿಯೇ ಗಡಿಯಾರ ತೋರಿಸಿ ತಿದ್ದಿಸಿದರು.

ಹೊರಡುವ ಮುಂಚೆ ಇನ್‌ಸ್ಪೆಕ್ಟರ್ ಒಬ್ಬರೇ ಮೂರನೆಯ ಮೇಜಿಗೆ ಹೋಗಿ ಕುರ್ಚಿ ಎಳೆದು ಕೂತರು. ಟೈಪಿಸ್ಟ್ ಅಕ್ಕನ ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ಇದ್ದವು.

“ಹನ್ನೊಂದನ್ನೂ ಬದಲಾಯಿಸಿದ್ದು ಒಂದನ್ನ ಮುಚ್ಚೋಕೆ,” ಎಂದರು ಇನ್‌ಸ್ಪೆಕ್ಟರ್ ತಗ್ಗಿದ ದನಿಯಲ್ಲಿ. “ಇದೊಂದನ್ನೇ ಮಾಡಿದ್ರೆ ಎಲ್ಲರ ಕಣ್ಣು ನಿಮ್ಮ ಮೇಲೆ ಬೀಳ್ತಿತ್ತು. ಅಲ್ವಾ?”

ಅಕ್ಕ ಕೀಲಿಗಳಿಂದ ಕೈ ತೆಗೆದು ಮಡಿಲಲ್ಲಿಟ್ಟರು. ಆಮೇಲೆ ಒಂದೊಂದೇ ಮಾತು ಬಂತು. “ಎರಡು ವರ್ಷ ಆಯ್ತು. ಬಿಳಿ ಪುಟ ನೋಡಿದ್ರೆ ಬರೀ ಬೆಳಕು ಕಾಣತ್ತೆ, ಅಕ್ಷರ ಕಾಣಲ್ಲ. ನೀಲೀಲಿ ಕಾಣತ್ತೆ. ಇನ್ನೂ ಸುಮಾರು ವರ್ಷ ಕಾಣತ್ತೆ ಅಂದ್ರು ಡಾಕ್ಟರು. ಪಟ್ಟಿಗಳೆಲ್ಲ ಬೆರಳಿಗೆ ಗೊತ್ತು, ಎಷ್ಟು ಸಲ ಒತ್ತಿದ್ರೆ ಏನು ಅಂತ. ಗಂಡನಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ದಾಖಲೆ ಕೋಣೆ ಅಣ್ಣ ತಾವಾಗೇ ಕಂಡುಹಿಡಿದ್ರು.”

“ಒಡಹುಟ್ಟಿದವರಾ?”

“ಅಲ್ಲ. ಅಣ್ಣ ಅಂತೀನಿ. ಉಗ್ರಾಣ ಕತ್ತಲು ಮೇಡಂ. ಇಪ್ಪತ್ತು ಕಿಲೋ ಕಲ್ಲು ನೆಲದ ಮೇಲೆ ಹರಡಿರತ್ತೆ. ಅಲ್ಲಿ ನಾನು ಎರಡು ದಿನ ಇರಲ್ಲ. ಮೇಜು ಹೋದ್ರೆ ನನ್ನ ಕೈ ಹೋದ ಹಾಗೆ.”

ಇನ್‌ಸ್ಪೆಕ್ಟರ್ ಕುರ್ಚಿ ಹಿಂದಕ್ಕೆ ಸರಿಸಿದರು. “ಅವರು ನಿಮ್ಮ ಹೆಸರು ಎತ್ತಿಲ್ಲ, ಎತ್ತೋದೂ ಇಲ್ಲ. ನಾನಿನ್ನೂ ಕಾರಣ ಬರೆದಿಲ್ಲ. ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು,” ಎಂದು ಎದ್ದರು. ದ್ವೇಷದಿಂದ ಮಾಡಿದ್ದೆಂದು ಬರೆದರೆ ಮೇಲ್ವಿಚಾರಕರ ಕೆಲಸ ಹೋಗುವುದು ಖಚಿತ ಎಂಬುದನ್ನು ಅವರು ಹೇಳಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಠಾಣೆಯಲ್ಲಿ ಮೇಲ್ವಿಚಾರಕರು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಹುಡುಗಿ ಚಹಾ ತಂದುಕೊಟ್ಟಳು. ಜಾಮೀನು ಸಿಗುವ ಅಪರಾಧ, ಒಬ್ಬರು ಬಂದು ಸಹಿ ಹಾಕಿದರೆ ಸಾಕು. ಹೆಂಡತಿ ತವರಿಗೆ ಹೋಗಿದ್ದಾಳೆ, ಬೆಳಿಗ್ಗೆ ಬರುತ್ತಾಳೆ, ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ ಎಂದರು. ಠಾಣೆಯ ಕಡತಗಳನ್ನು ಯಾರು ಹೀಗೆ ಕಟ್ಟಿದ್ದು ಎಂದೂ ಕೇಳಿದರು. ಹೆಡ್ ಕಾನ್‌ಸ್ಟೇಬಲ್ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಬೇರೆ ಕಡೆ ನೋಡಿದರು.

ಐದು ಇಪ್ಪತ್ತಕ್ಕೆ ಟೈಪಿಸ್ಟ್ ಅಕ್ಕ ಬಂದರು. ಜೊತೆಗೆ ಮುಖ್ಯಾಧಿಕಾರಿ. ಏನೋ ಹೇಳಬೇಕು ಬನ್ನಿ ಎಂದು ಅಕ್ಕ ಕರೆತಂದಿದ್ದರಂತೆ. 

“ಜಾಮೀನಿಗೆ ನಾನು ಸಹಿ ಹಾಕ್ತೀನಿ,” ಎಂದರು ಅಕ್ಕ.

“ನೀನ್ಯಾಕೆ ಬಂದೆ?” ಮೇಲ್ವಿಚಾರಕರು ಬೆಂಚಿನಿಂದ ಎದ್ದೇಬಿಟ್ಟರು. “ಹೋಗಮ್ಮ ಮನೆಗೆ.”

ಹೆಡ್ ಕಾನ್‌ಸ್ಟೇಬಲ್ ಜಾಮೀನು ಪತ್ರ ಮುಂದಿಟ್ಟರು. ಅಚ್ಚ ಬಿಳಿಯ ಕಾಗದ. ಅಕ್ಕ ಪೆನ್ನು ಹಿಡಿದು ಅದರ ಮೇಲೆ ಬಾಗಿದರು. ಒಂದು ಸಲ ಆರೋಪಿಯ ಕಡೆ ತಿರುಗಿದರು, ಒಂದು ಸಲ ಮುಖ್ಯಾಧಿಕಾರಿಯ ಕಡೆ.

“ನನಗೆ ಕಾಣಲ್ಲ,” ಎಂದರು, ಎಲ್ಲರಿಗೂ ಕೇಳುವ ಹಾಗೆ. “ಎಲ್ಲಿ ಹಾಕಬೇಕು ತೋರಿಸಿ.”

ಇನ್‌ಸ್ಪೆಕ್ಟರ್ ಅಕ್ಕನ ಬೆರಳು ಹಿಡಿದು ಗೆರೆಯ ಮೇಲಿಟ್ಟರು. ಅಕ್ಕ ಸಹಿ ಹಾಕಿದರು, ಒಂದಿಷ್ಟೂ ಸೊಟ್ಟಗಿಲ್ಲದ ಸಹಿ. ಆಮೇಲೆ ನೀಲಿ ಪುಟದ ವಿಷಯ, ಗುರುವಾರದ ಪರೀಕ್ಷೆಯ ಭಯ, ಎಲ್ಲವನ್ನೂ ತಡೆಯಿಲ್ಲದೆ ಹೇಳಿದರು. ಹೇಳುತ್ತ ಹೇಳುತ್ತ ಅವರ ಭುಜಗಳು ಇಳಿದವು.

ಮುಖ್ಯಾಧಿಕಾರಿ ಈ ಸಲ ಯಾರೂ ಕುರ್ಚಿ ತೋರಿಸದೆಯೇ ಕೂತರು. “ನನ್ನ ಹತ್ರ ಹೇಳಬಾರದಿತ್ತೇನಮ್ಮಾ?”

“ನೋಟಿಸ್ ಹಾಗಿತ್ತಲ್ಲ ಸಾರ್.”

ಮುಖ್ಯಾಧಿಕಾರಿ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. “ಹತ್ತು ಕಂಪ್ಯೂಟರ್‌ಗೆ ಹೊಸದು, ಮೂರನೇದಕ್ಕೆ ಹಳೇದು. ಪರೀಕ್ಷೆ ಅದರಲ್ಲೇ ಬರೀಲಿ. ಸರಿನಾ?”

“ಲಿಖಿತ ಆದೇಶ ಬೇಕು,” ಎಂದರು ಮೇಲ್ವಿಚಾರಕರು.

ಹೆಡ್ ಕಾನ್‌ಸ್ಟೇಬಲ್ ನಕ್ಕುಬಿಟ್ಟರು. ಹುಡುಗಿಯೂ ನಕ್ಕಳು. ಮುಖ್ಯಾಧಿಕಾರಿ ಠಾಣೆಯ ಕಾಗದದಲ್ಲೇ ಆದೇಶ ಬರೆದು, ದಿನಾಂಕ ಹಾಕಿ ಸಹಿ ಮಾಡಿದರು. ದೂರು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಈಗಾಗದು, ಆದರೆ ನ್ಯಾಯಾಲಯದಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ ಎಂದರು ಇನ್‌ಸ್ಪೆಕ್ಟರ್. ಆ ಮಾತನ್ನು ಹೇಳಿಯೇ ಹೇಳುತ್ತೇನೆ ಎಂದು ಅಧಿಕಾರಿ ಎದ್ದರು. ಮೂವರೂ ಒಟ್ಟಿಗೆ ಮೆಟ್ಟಿಲಿಳಿದರು. ಅಕ್ಕ ಯಾವ ಸಂಕೋಚವೂ ಇಲ್ಲದೆ ಅಣ್ಣನ ತೋಳು ಹಿಡಿದಿದ್ದರು.

ಆರು ಗಂಟೆಗೆ ಇನ್‌ಸ್ಪೆಕ್ಟರ್ ಕಡತ ತೆರೆದು, ಖಾಲಿ ಬಿಟ್ಟಿದ್ದ ಕೊನೆಯ ಅಂಕಣ ತುಂಬಿದರು: “ಪ್ರೇರಣೆ: ಆರೋಪಿಗೆ ಇದರಿಂದ ಸ್ವಂತ ಲಾಭವಿಲ್ಲ. ದೂರುದಾರರ ಮೇಲೆ ದ್ವೇಷವೂ ಇಲ್ಲ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಗೆ ಕಾಣಿಸಲಿ ಎಂದು ಮಾಡಿದ್ದು.”